ಸೊನ್ನೆ ಟಿಕೀಟಿನ ಬೆನ್ನಿಗೆ

ಎಂಟು ದಿನಕ್ಕೊಮ್ಮೆ ನೀರು ನಮ್ಮ ಓಣಿಗೆ.
ಸಾಸಿವಿಗೆ ಏಳು ದಿನ ಸಾಕು.
ಈ ಲೆಕ್ಕ ನನಗ ತಿಳಿದದ್ದು
ಮೊಣಕಾಲಿನ ಆಪರೇಶನ್ ಆಗಿ ಮನ್ಯಾಗ ಕುಂತ ಮ್ಯಾಲೆ.

ಹತ್ತೊಂಬತ್ತು ವರ್ಷ ಹುಬ್ಬಳ್ಳಿ-ಧಾರವಾಡ ನಿಂತಽ ಹೋದಾಕಿ ನಾನು,
ಕೊರಳಾಗ ಚೀಲ, ಬಾಯಾಗ ಸೀಟಿ,
ಉಣಕಲ್ಲ ದಾಟೂದ್ರಾಗ ಐವತ್ತು ಟಿಕೀಟು.
ಡಾಕ್ಟರು ಅಂದ್ರು: ಭಾಳ ಹೊತ್ತು ನಿಲ್ಲಬ್ಯಾಡ್ರಿ,
ಐದು ಕಿಲೋಕ್ಕಿಂತ ಹೆಚ್ಚು ಎತ್ತಬ್ಯಾಡ್ರಿ.
ಹಂಗಾರ ಏನು ಎತ್ತಲಿ?
ಸಾಸಿವಿ ಎತ್ತಿದೆ, ಎರಡು ಬೆರಳಿನಾಗ.

ಗುಜರಿಯಿಂದ ಕಬ್ಬಿಣದ ರ್‍ಯಾಕು,
ಬೇಕರಿ ಇಮ್ತಿಯಾಜ ಕೊಟ್ಟ ಹಳೇ ಟ್ರೇ ಆರು,
ತಳಕ್ಕ ಮೊಳಿ ಕಾಸಿ ತೂತು ಹಾಕಿದ್ದು,
ತೆಂಗಿನ ನಾರಿನ ಪುಡಿ, ಒಂದು ಟ್ಯೂಬಲೈಟು,
ಮುಚ್ಚಾಕ ಮಗಳ ಕರೀ ಓಢಣಿ.

ಬೀಜ ಚೆಲ್ಲಿದ ಮೊದಲ ಸಂಜಿ
ಬಗ್ಗಿ ನೋಡತೀನಿ, ಅದಽ ಗದ್ದಲ:
ಒಬ್ಬರ ಹೆಗಲಿಗೆ ಒಬ್ಬರ ಹೆಗಲು,
ಕಾಲಿಡಾಕ ಜಾಗ ಇಲ್ಲ.
"ಮುಂದ ಸರೀರಿ, ಮುಂದ ಖಾಲಿ ಐತಿ" ಅಂದೆ.
ಬಾಯಿ ತಪ್ಪಿ ಬಂತು. ಒಳಗಿಂದ ಮಗಳು ನಕ್ಕಳು.
ಬಾಜೂಮನಿ ತುಳಜಕ್ಕ ಇಣಿಕಿ ನೋಡಿ,
"ಇದೇನಽ, ಘಟ ಹಾಕೀ?
ನವರಾತ್ರಿ ಇನ್ನೂ ಐದು ತಿಂಗಳೈತಿ."

ಮೂರನೇ ದಿನ ಮೂಲಂಗಿ ಬೇರಿಗೆ ಬಿಳೀ ನವಿರು.
ಬೂಜು ಬಂತು ಅಂತ ತಿಳಿದು
ಮೂರೂ ಟ್ರೇ ತಿಪ್ಪಿಗೆ ಸುರಿದೆ. ರಾತ್ರಿ ಉಣ್ಣಲಿಲ್ಲ.
ಆಮ್ಯಾಲೆ ಗೊತ್ತಾತು, ಅದು ಬೂಜಲ್ಲ,
ಬೇರಿನ ಮೈಗೂದಲು.
ನೀರು ಸಿಂಪಡಿಸಿದರ ಅಡಗತೈತಿ, ಬೂಜಾದರ ಅಡಗೂದಿಲ್ಲ.
ಚಿಲ್ಲರ ಕೊಡದಽ ಇಳಿಸಿಬಿಟ್ಟಿದ್ದೆ ಅವರನ್ನ,
ಅವರ ಸ್ಟಾಪು ಬರೂಕಿಂತ ಮುಂಚೆ.

ಸೂರ್ಯಕಾಂತಿ ಬೀಜದ ಮ್ಯಾಲೆ ಒಜ್ಜಿ ಇಡಬೇಕಂತ.
ಒಳ್ಳಿನ ಗುಂಡು ಎತ್ತಿ ಇಟ್ಟಾಕಿ ಮಗಳು.
ನಾಕನೇ ಮುಂಜಾನೆ ನೋಡಿದರ
ಗುಂಡು ಒಂದು ಬೆರಳು ಮ್ಯಾಲೆದ್ದು ವಾಲಿತ್ತು.
ಡಾಕ್ಟರು ಅವಕ್ಕ ಏನೂ ಹೇಳಿದ್ದಿಲ್ಲ ಕಾಣತೈತಿ.

ಮಾರೂದು ಬ್ಯಾರೆ ಕಥಿ.
ವಿದ್ಯಾನಗರದ ಕಾಫಿ ಅಂಗಡ್ಯಾಗ
ಹುಡುಗ ಫೋಟೋ ಹೊಡಕೊಂಡ, ತಗೊಳ್ಳಲಿಲ್ಲ.
ಜನತಾ ಬಜಾರದಾಗ ತಪ್ಪಲ ಮಾರಾಕಿ ಕೇಳಿದಳು:
"ಐವತ್ತು ಗ್ರಾಮಿಗೆ ಅರವತ್ತು ರೂಪಾಯಿ?
ಇನ್ನಽ ಕಣ್ಣು ಬಿಟ್ಟಿಲ್ಲಲ್ಲಽ ಅವು!
ಹತ್ತಕ್ಕ ಎರಡು ಸೂಡು ಮೆಂತೆ ಒಯ್ಯಿ."
ಖರೇನಽ. ಹಕ್ಕರಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲ
ರೊಟ್ಟಿ ಜೋಡಿ ಹಸೀದಽ ಕಡಿಯೂ ಊರಿಗೆ
ನಾನೇನು ಹೊಸಾದು ಕಲಿಸಲಿ?

ಕಡೀಕ ತುಳಜಕ್ಕನ ತಮ್ಮ,
ಸಾವಜಿ ಖಾನಾವಳಿ ಗಲ್ಲೇದ ಮ್ಯಾಲೆ ಕೂಡಾವ,
ಒಂದು ಚಿವುಟು ಮೂಲಂಗಿ ಬಾಯಾಗ ಹಾಕ್ಕೊಂಡ.
ಕಣ್ಣು ಸಣ್ಣ ಮಾಡಿದ.
"ಕೂಸಿದ್ದಾಗಽ ಇಷ್ಟು ಖಾರೇನು?
ರವಿವಾರ, ಬುಧವಾರ ಅರ್ಧ ಕಿಲೋ ಕಳಸ್ರಿ.
ರೇಟು ಮಾತ್ರ ನಂದು."
ಅವನ ರೇಟಿಗೆ, ಬೀಜದ ರೊಕ್ಕ ಹೋಗಿ,
ಉಳಿದದ್ದು ನೂರಾ ಮೂವತ್ತು.
ಎರಡು ಸಲ ಎಣಿಸಿದೆ.
ಹತ್ತೊಂಬತ್ತು ವರ್ಷ ಎಣಿಸಿದ್ದು ಡಿಪೋದ ರೊಕ್ಕ ಇತ್ತು.

ನಿನ್ನಿ ರಾತ್ರಿ ಮೂರಕ್ಕ ನಳ ಕೆಮ್ಮಿತು.
ಕೊಡ ಎತ್ತಾಕ ಮಗಳು, ಪೈಪು ಹಿಡಿಯಾಕ ನಾನು.
ಮೊದಲ ತಂಬಿಗಿ ಟ್ರೇಕ್ಕ,
ಎರಡನೇದ್ದು ಚಹಾಕ್ಕ.

ಇವತ್ತು ಡಬ್ಬಿ ಹಿಡಕೊಂಡು ಧಾರವಾಡದ ಬಸ್ಸು ಹತ್ತಿದೆ,
ಸಪ್ತಾಪುರದಾಗ ಒಬ್ಬರು ಮಾಸ್ತರು ಕೇಳ್ಯಾರ.
ಕುಂತು ಹೊಂಟದ್ದು ಇದಽ ಮೊದಲು.
ಹೊಸಾ ಕಂಡಕ್ಟರ್ ಹುಡುಗ ಗುರುತು ಹಿಡಿದ:
"ದಾಕ್ಷಕ್ಕಾರ, ಲಗೇಜ್ ಏನ್ರೀ ಅದು?"
"ನಾಕು ಸಾವಿರ ಮಂದಿ ಅದಾರಪಾ, ಎಲ್ಲಾರೂ ನಿಂತಾರ.
ಟಿಕೀಟು ಹರೀತಿ?"
ನಕ್ಕು, ಹೆಂಗಸರ ಸೊನ್ನೆ ಟಿಕೀಟು ಒಂದಽ ಕೊಟ್ಟ.
ನವನಗರಕ್ಕ ಮಂದಿ ಏರಿದರು.
ಮೊಣಕಾಲು ಸರಿಸಿ ಜಾಗ ಮಾಡಿಕೊಟ್ಟು
ಟಿಕೀಟು ತಿರುವಿ ಬೆನ್ನಿಗೆ ಬರದೆ:

ಸಾಸಿವಿ, ಎರಡು ಟ್ರೇ, ಬುಧವಾರ.
ನೀರು, ಗುರುವಾರ, ಬಂದರ.