ಎರಡು ನಿಮಿಷ

ಸಾಗರದ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಟೈಮ್‌ಕೀಪರು.
ನನ್ನ ಪುಸ್ತಕದಲ್ಲಿ ಬೆಳಗಾಗುವುದಿಲ್ಲ,
ಐದೂ ಐವತ್ತೆರಡಾಗುತ್ತದೆ.
ಎರಡು ನಿಮಿಷಕ್ಕೆ ಕಂಡಕ್ಟರುಗಳು
ಒಬ್ಬರ ಕಾಲರು ಒಬ್ಬರು ಹಿಡಿದದ್ದು ಕಂಡಿದ್ದೇನೆ.
ಎರಡು ನಿಮಿಷಕ್ಕೆ ಒಮ್ಮೆ
ಹಲ್ಲೂ ಬಿದ್ದಿದೆ, ಬಿಡಿಸಲು ಹೋದ ನನ್ನದು.

ಏಪ್ರಿಲಿನ ಒಂದು ಭಾನುವಾರ
ಗುತ್ಯಪ್ಪನ ತೆಪ್ಪ ಹತ್ತಿದೆ.
ಹಿನ್ನೀರು ಇಳಿದೂ ಇಳಿದೂ
ನಡುವೆ ಒಂದು ನಡುಗಡ್ಡೆ ಬೆನ್ನು ತೋರಿಸಿತ್ತು
ಮಡುವಿನಲ್ಲಿ ಮಲಗಿದ ಎಮ್ಮೆಯ ಹಾಗೆ.
"ವಾಪಸ್ಸು ಎಷ್ಟು ಹೊತ್ತಿಗೆ?" ಕೇಳಿದೆ.
"ಬಲೆ ಬಿಟ್ಟು ಬಂದ ಮೇಲೆ" ಅಂದ.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು!

ದಡ ಅಂದರೆ ಅಂಥ ದಡವೂ ಅಲ್ಲ.
ಒಂದು ಮಾರು ಜಂಬಿಟ್ಟಿಗೆಯ ಕೆಂಪು ನೊರಜು,
ಆಮೇಲೆ ನುಣ್ಣನೆ ಕೆಸರು,
ಅಲ್ಲಲ್ಲಿ ಮುಳುಗಿ ಕರ್ರಗಾದ ಮರದ ಬುಡ.
ಮೊದಲ ಅರ್ಧಗಂಟೆ
ನಡುಗಡ್ಡೆಯನ್ನು ಮೂರು ಟ್ರಿಪ್ಪು ಸುತ್ತಿದೆ.
ಏನೂ ಸಿಗಲಿಲ್ಲ.
ಒಂದು ಟಿಟ್ಟಿಭ ಮೂರು ಸಲವೂ ಬೈಯಿತು.

ಚಪ್ಪಲಿ ಬಿಟ್ಟೆ. ಕೆಸರು
ಕಾಲ್ಬೆರಳ ಸಂದಿಯಲ್ಲಿ
ಹೂರಣದ ಹಾಗೆ ಎದ್ದು ಬಂತು.
ಮೊದಲ ಚಿಪ್ಪು ಸಿಕ್ಕಿದ್ದು
ಕಣ್ಣಿಗಲ್ಲ, ಅಂಗಾಲಿಗೆ.

ಹೊರಗೆ ಪಾಚಿ ಬಣ್ಣ, ಸವೆದ ಟಯರಿನಂತೆ ಗೆರೆ ಗೆರೆ.
ಅದ್ದಿ ಹೆಬ್ಬೆರಳಲ್ಲಿ ಒರೆಸಿದರೆ ಒಳಗೆ
ಗುಲಾಬಿಯೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ.
ಮಳೆ ನಿಂತ ಮೇಲೆ ಗುಂಡಿಯ ನೀರಿನಲ್ಲಿ
ಡೀಸೆಲ್ಲು ಹೀಗೇ ಹೊಳೆಯುತ್ತದೆ,
ನಮ್ಮ ಸ್ಟ್ಯಾಂಡಿನಲ್ಲೇ, ದಿನಾ.
ಬಗ್ಗಿ ನೋಡಿದವನಲ್ಲ ನಾನು.

ಗುತ್ಯಪ್ಪನ ತಾಯಿ ಕೆರಿಯಮ್ಮ
ಕುಕ್ಕರುಗಾಲಲ್ಲಿ ಕೂತು
ಸುಣ್ಣಕ್ಕೆಂದು ಬುಟ್ಟಿ ತುಂಬುತ್ತಿದ್ದಳು.
ಅವಳ ಕೈ ಬಾಚುತ್ತದೆ, ಆರಿಸುವುದಿಲ್ಲ.
ನಾನು ಒಂದನ್ನೆತ್ತಿ, ತಿರುಗಿಸಿ, ಕೆಳಗಿಟ್ಟು,
ಬೇಜಾರಾಗಿ ಮತ್ತೆ ಅದನ್ನೇ ಎತ್ತಿ...
"ಎಂತಕ್ಕೆ ಮಾರಾಯಾ ನಿಂಗೆ ಅದು?"
"ಎಂತಕ್ಕೂ ಇಲ್ಲಮ್ಮ."
ಕವಳ ಉಗಿದು ಸ್ವಲ್ಪ ಹೊತ್ತು ಯೋಚಿಸಿದಳು.
"ಹಾಂಗಾರೆ ಚೆಂದದ್ದು ನೋಡಿ ಆರಿಸು."

ಬಾಯಿ ಮುಚ್ಚಿದ್ದರೆ ಜೀವ ಇದೆ, ಬಿಡು,
ಅಂದಳು ಆಮೇಲೆ.
ಅಂಥದ್ದೊಂದನ್ನು ನೀರಿನಂಚಿಗೆ ಇಟ್ಟು
ಪಕ್ಕದಲ್ಲಿ ಕೂತೆ.
ಗಡಿಯಾರ ಅಂಗಿಯ ಜೇಬಿನಲ್ಲಿತ್ತು,
ಅಂಗಿ ಮರದ ಬುಡದ ಮೇಲಿತ್ತು.
ಬಿಸಿಲು ಎಡ ಹೆಗಲಿನಿಂದ ಬೆನ್ನಿಗೆ ಸರಿದಾಗ
ಕೂದಲೆಳೆಯಷ್ಟು ಬಾಯಿ ಬಿಟ್ಟಿತು ಚಿಪ್ಪು,
ಬಿಳಿಯ ನಾಲಿಗೆ ಚಾಚಿ
ಕೆಸರಿನ ರುಚಿ ನೋಡಿ
ಹೊರಟಿತು!
ಒಂದು ಗೇಣು ಹೋಯಿತು, ಹಿಂದೆ ಸಣ್ಣ ಗೆರೆ ಬಿಟ್ಟು.
ಹಾರನ್ನಿಲ್ಲ. ರೈಟ್ ಅನ್ನುವವರಿಲ್ಲ.
ಎಲ್ಲಿಗೆ ಅಂತ ಬೋರ್ಡೂ ಇಲ್ಲ.

ಏಳು ಚಿಪ್ಪು ತಂದಿದ್ದೆ.
ಆರನ್ನು ಎದುರುಮನೆ ಹುಡುಗಿ ರುಬೀನಾ
ಅಡುಗೆಯಾಟಕ್ಕೆ ತಟ್ಟೆ ಮಾಡಿಕೊಂಡಳು.
ಉಳಿದದ್ದು ಸೋಮವಾರದಿಂದ
ನನ್ನ ಟ್ರಿಪ್‌ಶೀಟು ಹಾರದಂತೆ ಕೂತಿದೆ.

"ಸೈಮಣ್ಣ, ಅವನದ್ದು ಎರಡು ನಿಮಿಷ ಲೇಟು,
ಬರೀರಿ! ಬರೀರಿ ಅಂದರೆ!"
ಮೇಜು ಗುದ್ದಿದ ಹೊಸನಗರದ ಕಂಡಕ್ಟರು.
ಬರೆದೆ.
ಬರೆಯುವ ಮುಂಚೆ ಪೆನ್ನು ಕೆಳಗಿಟ್ಟು
ಚಿಪ್ಪನ್ನೊಮ್ಮೆ ಕಿಟಕಿಯ ಬೆಳಕಿಗೆ ತಿರುಗಿಸಿದೆ.
ಅಷ್ಟರಲ್ಲಿ ಮೂರಾಗಿತ್ತು.