ಆರನೆಯ ದಿನ

ಗೋರ್ಲಿಟ್ಸ್, ನವೆಂಬರ್ 1991

ಮೊದಲು ಚಪ್ಪಲಿ ಅಂಗಡಿ ಇದು.
ಗೋಡೆಯ ಬುಡದಲ್ಲಿ ಪಾದದಳತೆಯ ಗೀಟುಗಳು ಇನ್ನೂ ಇವೆ.
ಈಗ ನನ್ನ ಮೇಜು, ಎರಡು ಕುರ್ಚಿ, ಒಂದು ಕುಂಟು.
ಬಾಗಿಲ ಮೇಲೆ ಹೊಸ ಹಲಗೆ: ಗ್ರಾಹಕರ ಸಲಹಾ ಕೇಂದ್ರ.
ಕಲ್ಲಿದ್ದಲ ಹೊಗೆ ಮಾತ್ರ
ಯಾವ ಹಲಗೆಯನ್ನೂ ಓದದೆ ಒಳಗೆ ಬರುತ್ತದೆ.

ಗುದ್ರುನ್ ಪೆಟ್ಸೋಲ್ಟ್ ಬಂದರು, ಅರವತ್ತೆರಡು ವರ್ಷ,
ಕಂಕುಳಲ್ಲಿ ಲಾಡಿ ಕಟ್ಟಿದ ಕಡತ.
ಕುಂಟು ಕುರ್ಚಿಯಲ್ಲೇ ಕೂತರು.

"ಹೋದ ಗುರುವಾರ. ಹುಡುಗ ಟೈ ಕಟ್ಟಿದ್ದ.
ನನ್ನ ಕಾರ್ಪೆಟ್ಟಿನ ಮೇಲೆ ತಾನೇ ಬೂದಿ ಚೆಲ್ಲಿ
ತನ್ನ ಯಂತ್ರಕ್ಕೆ ತಾನೇ ಕುಡಿಸಿದ.
ಕಾಫಿಗೂ ಕೇಕಿಗೂ ನಡುವೆ ಸಹಿ ಹಾಕಿದೆ.
ಸಾವಿರದ ನೂರಾ ತೊಂಬತ್ತೆಂಟು ಮಾರ್ಕು.
ಮನೆಯಲ್ಲಿರುವುದೇ ಒಂದು ಕಾರ್ಪೆಟ್ಟು."

ಬೆರಳೆಣಿಸಿದೆ. ಇವತ್ತು ಆರನೆಯ ದಿನ.
ಏಳರೊಳಗೆ ಬರೆದರೆ ಸಾಕು, ಎಂದೆ,
ಕಾರಣ ಹೇಳಬೇಕಿಲ್ಲ.

"ಕಾರಣ ಬೇಡವೇ?"

ಲಾಡಿ ಬಿಚ್ಚಿದರು. ಎಂಬತ್ತಾರರ ಅರ್ಜಿ,
ಫ್ರಿಜ್ಜಿನ ಬಾಗಿಲ ರಬ್ಬರಿಗಾಗಿ ಆರು ಪುಟ ಕಾರಣ:
ಪ್ರಜೆ ಪೆಟ್ಸೋಲ್ಟ್ ಆದ ನಾನು
ಹದಿನಾಲ್ಕು ತಿಂಗಳಿಂದ ಹಾಲನ್ನು ಕಿಟಕಿಯಾಚೆ ಇಟ್ಟು ಕಾಯುತ್ತಿದ್ದೇನೆ.
ರಬ್ಬರು ಬಾರದಿದ್ದರೆ ಜೂನಿನಲ್ಲಿ
ಮತ ಹಾಕಲು ನಾನೂ ಬಾರೆ.

"ಮೂರನೇ ದಿನಕ್ಕೆ ಇಬ್ಬರು ಬಂದರು.
ಒಬ್ಬ ರಬ್ಬರು ಹಾಕಿದ,
ಇನ್ನೊಬ್ಬ ಮನೆ ನೋಡಿದ."

ಎರಡು ಕಾಗದ ಮೇಜಿನ ಮೇಲೆ ಪಕ್ಕಪಕ್ಕ.
ಒಂದು 'ಮಾನ್ಯ ಪ್ರಜೆಯೇ' ಅನ್ನುತ್ತದೆ,
ಒಂದು 'ಪ್ರೀತಿಯ ಗ್ರಾಹಕರೇ'.
"ಅವರಿಗೆ ನನ್ನ ಮೇಲೆ ಕಣ್ಣಿತ್ತು, ಇವರಿಗೆ ಪ್ರೀತಿಯಂತೆ.
ಯಾವುದು ದುಬಾರಿ, ನೀವೇ ಹೇಳಿ.
ಪ್ರಜೆಯಾಗಿ ವರ್ಷಗಟ್ಟಲೆ ಕಾದೆ,
ಗಿರಾಕಿಯಾಗಿ ಅರ್ಧ ಗಂಟೆಯಲ್ಲಿ ಸಿಕ್ಕಿಬಿದ್ದೆ."

ನಾನು ಟೈಪು ಮಾಡಿದೆ:
ಈ ಕರಾರಿನಿಂದ ಹಿಂದೆ ಸರಿದಿದ್ದೇನೆ.
ಕನ್ನಡಕ ಏರಿಸಿ ಓದಿದರು, ಹಾಳೆ ತಿರುವಿದರು,
ಹಿಂಬದಿ ಖಾಲಿ.
"ಇಷ್ಟೇನಾ? ಇದರಲ್ಲಿ ನಾನೆಲ್ಲಿದ್ದೇನೆ?"

ಕಾನೂನಿಗೆ ಇಷ್ಟು ಸಾಕು, ಎಂದೆ.
ಹೆಚ್ಚು ಬರೆದರೆ ಅವರಿಗೆ ವಾದಕ್ಕೆ ಹಿಡಿ ಸಿಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ನಗದೆ ಕೇಳಿದರು:
"ಹೋದ ವರ್ಷ ಅಕ್ಟೋಬರಿನಲ್ಲಿ
ಒಂದು ದೇಶವನ್ನೂ ಮನೆ ಬಾಗಿಲಿಗೆ ತಂದುಕೊಟ್ಟರು.
ಅದಕ್ಕೂ ಏಳು ದಿನ ಇತ್ತೇ?"

ನಾನು ಕಾಸೆಲ್ಲಿನವನು. ಬಂದು ಎಂಟು ತಿಂಗಳು.
ಆ ನಮೂನೆ ನನ್ನ ಬೀರುವಿನಲ್ಲಿ ಇರಲಿಲ್ಲ.
ಪೆನ್ನಿನ ಮುಚ್ಚಳ ಹುಡುಕಿದೆ.

"ಹಿಂತಿರುಗಿಸುತ್ತಿರಲಿಲ್ಲ ಬಿಡಿ.
ಕೇಳಿದೆ ಅಷ್ಟೆ. ಈಗ ಕೇಳಬಹುದಲ್ಲ."

ಸಹಿ ಹಾಕಿದರು. ಸಹಿಯ ಕೆಳಗೆ, ನಾನು ನೋಡುತ್ತಿದ್ದಂತೆಯೇ,
ಪುಟ್ಟ ಅಕ್ಷರದಲ್ಲಿ ಸೇರಿಸಿದರು:
ನನ್ನಲ್ಲಿರುವುದು ಒಂದೇ ಕಾರ್ಪೆಟ್ಟು,
ಅದನ್ನು ಗುಡಿಸಲು ನನಗೆ ಬರುತ್ತದೆ.
ತಡೆಯಲಿಲ್ಲ.

ಕಡತಕ್ಕೆ ನಕಲು ಸೇರಿತು, ಲಾಡಿ ಸಡಿಲ ಗಂಟಾಯಿತು.
ಹೊಸ್ತಿಲಲ್ಲಿ ನಿಂತು ತಿರುಗಿದರು:
"ಈ ಕುರ್ಚಿಯ ಬಗ್ಗೆ
ಯಾರಿಗೆ ಬರೆಯಬೇಕು?"

ನನ್ನ ಹೆಸರು ಹೇಳಿದೆ.
ಕಾಗುಣಿತ ಕೇಳಿ ಬರೆದುಕೊಂಡರು.