ಇಳಿಯುವ ಪುಟ

ವಾರ್ದೊ ಊರಲ್ಲಿ ಮರವಿಲ್ಲ. ಗಾಳಿ ಬೆಳೆಯಗೊಡುವುದಿಲ್ಲ.
ಟೋರ್ಗ್ರಿಮನ ಹಲಗೆಗಳು ಹಡಗಿನಲ್ಲಿ ಬರುತ್ತವೆ,
ಶವಪೆಟ್ಟಿಗೆಯಾಗಿ
ಒಂದು ಮೈಲಿಯೂ ದಾಟದೆ ಮಣ್ಣಿಗೆ ಹೋಗುತ್ತವೆ.

"ಲ್ಯಾಂಡಿಂಗ್ ಪೇಜ್ ಅಂದರೇನು?" ಕೇಳಿದ.
ಜಾಹೀರಾತು ಒತ್ತಿದವರು ಬಂದು ಇಳಿಯುವ ಜಾಗ, ಅಂದೆ.
"ಸರಿ ಹಾಗಾದರೆ. ನನ್ನದೂ ಇಳಿಸುವ ಕೆಲಸವೇ."
ಬೆಣೆ ಕಚ್ಚಿದ ಬಾಯಲ್ಲೇ ನಕ್ಕ.

ಅವನು ಹೇಳಿದ್ದು ಇಷ್ಟು:
ಪೈನ್ ಮರ. ಮರದ್ದೇ ಬೆಣೆ. ಬಣ್ಣವಿಲ್ಲ.
ನಾನೇ ವ್ಯಾನಿನಲ್ಲಿ ತರುತ್ತೇನೆ.

ಯಂತ್ರಕ್ಕೆ ಉಣಿಸಿದೆ. ಎಂಟು ಸೆಕೆಂಡು.
ಪುಟದ ತುಂಬ ಮದುವೆಮನೆಯ ಸಡಗರ:
"ಇದು ಬರಿ ಪೆಟ್ಟಿಗೆಯಲ್ಲ, ಒಂದು ಅನುಭವ!
ಇಂದೇ ಕೊಳ್ಳಿ! ಎರಡು ಕೊಂಡರೆ ರಿಯಾಯಿತಿ!
ಒಗ್ಗದಿದ್ದರೆ ಮೂವತ್ತು ದಿನದೊಳಗೆ ವಾಪಸ್!"
ಕೆಳಗೆ ಐದು ನಕ್ಷತ್ರದ ಮೆಚ್ಚುಗೆ, ಇಲ್ಲದ ಯಾರೋ ಮಾರ್ಟೆಯದು:
"ಇಷ್ಟು ಹಾಯಾಗಿ ಎಂದೂ ಮಲಗಿರಲಿಲ್ಲ."

ಟೋರ್ಗ್ರಿಮ್ ಕನ್ನಡಕ ಹಣೆಗೇರಿಸಿ ಓದಿದ. ಎರಡು ಸಲ.
"ಹುಡುಗ ಒಳ್ಳೆಯವನೇ," ಅಂದ.
"ಅವನ ಮನೆಯಲ್ಲಿ ಇನ್ನೂ ಯಾರೂ ಹೋಗಿಲ್ಲ, ಅಷ್ಟೆ."

ದನಿ ತಗ್ಗಿಸು, ಅಂದೆ ಯಂತ್ರಕ್ಕೆ. ತಗ್ಗಿಸಿತು.
ಇನ್ನೂ. ಆ ಉದ್ಗಾರ ಚಿಹ್ನೆಗಳು ಬೇಡ. ಮಾರ್ಟೆ ಬೇಡ.
ಅದಕ್ಕೆ ಬೇಸರವಿಲ್ಲ, ನನಗೇ ಕತ್ತು ನೋವು.
ಹದಿನಾಲ್ಕನೆಯ ಸಲಕ್ಕೆ ಉಳಿದದ್ದು
ಅವನು ಮೊದಲೇ ಆಡಿದ್ದ ನಾಲ್ಕು ಮಾತು,
ಜೊತೆಗೆ, ಯಾರೂ ಕೇಳದೆ ಅದೇ ತಂದಿಟ್ಟ ಒಂದು ಖಾಲಿ ಚೌಕ:
"ಅವರ ಎತ್ತರ, ನಿಮಗೆ ಗೊತ್ತಿದ್ದರೆ."

"ಇದು ಇರಲಿ," ಅಂದ ಟೋರ್ಗ್ರಿಮ್.
"ಯಾರಿಗೂ ಗೊತ್ತಿರುವುದಿಲ್ಲ. ನಾನೇ ಹೋಗಿ ಅಳೆಯುತ್ತೇನೆ."
ಗುಂಡಿಯ ಮೇಲೆ ಏನು ಬರೆಯಲಿ?
"ಫೋನ್ ಮಾಡಿ. ಅಪರಾತ್ರಿಯಾದರೂ ಸರಿ."

ಪುಟ ಹೊರಬಿಡುವ ಮುಂಚೆ
ಸುಳ್ಳು ವಿವರ ತುಂಬಿ ಪರೀಕ್ಷಿಸಬೇಕು.
ಬೆರಳು ತಾನಾಗಿ ಅಕ್ಕನ ಹೆಸರು ಒತ್ತಿತು, ಗುನ್‌ವೋರ್.
ಎತ್ತರದ ಚೌಕದಲ್ಲಿ ಗೆರೆ ಮಿಟುಕುತ್ತ ನಿಂತಿತು.
ಹನ್ನೊಂದು ವರ್ಷ ಒಂದೇ ಹಾಸಿಗೆ ಹಂಚಿಕೊಂಡವಳು.
ಅವಳ ಬೂಟಿನ ಅಳತೆ ಗೊತ್ತು, ಸಾಲಗಳು ಗೊತ್ತು,
ಯಾವ ಹಲ್ಲು ಕಟ್ಟಿಸಿದ್ದು ಎನ್ನುವುದೂ ಗೊತ್ತು.

ಫೋನ್ ಮಾಡಿದೆ.
"ನಿನ್ನ ಎತ್ತರ ಎಷ್ಟೇ?"
"ನೂರಾ ಅರವತ್ತೆರಡು. ಯಾಕೆ, ಸ್ವೆಟರ್ ಹೆಣೀತಿದ್ದೀಯಾ?"
ಹೂಂ, ಅಂದೆ.
"ತೋಳು ಉದ್ದ ಇರಲಿ ಮತ್ತೆ. ಹೋದ ಸಲ ಗಿಡ್ಡ ಆಗಿತ್ತು."